ನಲವತ್ತೈದು ಸೆಂಟಿನ ಬಾಗು

ಈ ಕೊಳದಲ್ಲಿ ಮೀನಿಲ್ಲ. ಇರಬೇಕೆಂದು ಇಲ್ಲಿ ಯಾರೂ ಬಯಸುವುದೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ, ಬೈಸನ್‌ಗಳನ್ನು ಸಾಕಿರುವ ಬೇಲಿಯ ಎದುರಿಗೆ, ನೀಲಗಿರಿ ಮತ್ತು ಸೈಪ್ರೆಸ್ ಮರಗಳ ನಡುವೆ ಕಾಂಕ್ರೀಟಿನ ಮೂರು ದೊಡ್ಡ ಕೊಳಗಳಿವೆ. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ರಿಂಗು ತೇಲುತ್ತಿದೆ. ಗುರಿ ಅವೇ. 1930ರ ದಶಕದ ಕೊನೆಯಲ್ಲಿ, ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಕೆಲಸವಿಲ್ಲದವರಿಗೆ ಕೂಲಿ ಕೊಡಲು ಸರ್ಕಾರ ಕೈಗೆತ್ತಿಕೊಂಡ ಕಾಮಗಾರಿಗಳಲ್ಲಿ ಇದೂ ಒಂದು. ಗಾಳ ಎಸೆಯುವುದನ್ನು ಕಲಿಯಲು, ಬರೀ ಎಸೆಯುವುದನ್ನು ಕಲಿಯಲು, ಒಂದು ನಗರ ಮೂರು ಕೊಳ ಕಟ್ಟಿಸಿದೆ.

ಶನಿವಾರದ ಬೆಳಗು. ಸಮುದ್ರದ ಮಂಜು ಮರದ ತಲೆಗಳನ್ನು ಇನ್ನೂ ಬಿಟ್ಟಿಲ್ಲ. ಮಗಳ ಮನೆಗೆಂದು ಬಂದ ನೀವು ಸ್ವೆಟರಿನ ಮೇಲೆ ಅಳಿಯನ ಜಾಕೆಟ್ಟು ಹೇರಿಕೊಂಡು ಕೊಳದ ಅಂಚಿಗೆ ನಿಂತಿದ್ದೀರಿ. ಅಳಿಯ ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಓದಿದವನು. ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತು, ಶನಿವಾರ ಬಂತೆಂದರೆ ಇಲ್ಲಿಗೆ ಓಡಿ ಬರುವ ಚಟ ಅವನಿಗೆ. ಇಂದು ಜೊತೆಗೆ ನೀವು.

ಹೊಸಬರಿಗೆ ಕಲಿಸಲು ಇಲ್ಲಿನ ಎಸೆತಗಾರರ ಕ್ಲಬ್ಬಿನ ಹಿರಿಯರೊಬ್ಬರು ಬಂದಿದ್ದಾರೆ. ಎಂಬತ್ತರ ಆಸುಪಾಸಿನ ಹೆಂಗಸು, ಬಿಳಿಗೂದಲ ಮೇಲೆ ಹಳೆಯ ಟೋಪಿ. ನಾಲ್ಕು ತುಂಡುಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೋಲು ಜೋಡಿಸಿ ನಿಮ್ಮ ಕೈಗಿಡುತ್ತಾರೆ. ಒಂಬತ್ತು ಅಡಿ ಉದ್ದ. ತೂಕ ನೂರು ಗ್ರಾಂ ಕೂಡ ಇಲ್ಲ. ಕೈಯನ್ನು ಸುಮ್ಮನೆ ಅಲುಗಿಸಿದಿರಿ, ಅಷ್ಟೇ; ಕೋಲಿನ ತುದಿ ನೀವು ಹೇಳದ ಎರಡು ಮಾತು ಸೇರಿಸಿ ತೂಗಾಡುತ್ತದೆ.

"ಮಾವ, ಇದು ಬಿಲ್ಲಿದ್ದ ಹಾಗೆ," ಅಳಿಯ ಆಗಲೇ ಶುರು. "ಬಾಗಿಸಿದರೆ ಶಕ್ತಿ ತುಂಬಿಕೊಳ್ಳುತ್ತೆ. ನೆಟ್ಟಗಾಗುವಾಗ ಹುರಿಯನ್ನ ಬಾಣದ ಹಾಗೆ ಒಗೆಯುತ್ತೆ."

ಏನೆಂದೆ ಎಂದು ಅವರು ಕೇಳುತ್ತಾರೆ. ಅವನು ಇಂಗ್ಲಿಷಿನಲ್ಲಿ ಒಪ್ಪಿಸುತ್ತಾನೆ. ಅವರು ನಗುತ್ತಾರೆ, ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ. "ಮೊದಲು ಎಸೆಯಲಿ, ಆಮೇಲೆ ಲೆಕ್ಕ ಹಾಕೋಣ" ಎಂದರಂತೆ.

ಹೊಳೆಯ ದಡದಲ್ಲಿ ಗಾಳ ಹಾಕಿದವರಿಗೆ ಇಲ್ಲಿ ಮೊದಲಿಗೆ ಎಲ್ಲವೂ ತಲೆಕೆಳಗು. ಅಲ್ಲಿ ದಾರದ ತುದಿಯಲ್ಲಿ ಎರೆಹುಳುವಿನ ಜೊತೆ ಸೀಸದ ಗುಂಡು ಇರುತ್ತದೆ. ಹಾರುವುದು ಗುಂಡು, ದಾರ ಅದರ ಬಾಲ. ಇಲ್ಲಿ ತುದಿಗಿರುವುದು ಗರಿ ಮತ್ತು ನೂಲು ಸುತ್ತಿದ ಹುಸಿನೊಣ. ಕೊಳದಲ್ಲಂತೂ ಕೊಕ್ಕೆಯನ್ನೂ ಕತ್ತರಿಸಿ ತೆಗೆದ ಬರೀ ನೂಲಿನ ಉಂಡೆ. ಅದನ್ನು ಎಷ್ಟು ಬಲವಾಗಿ ಎಸೆದರೂ ಮೂಗಿನ ಮುಂದೆಯೇ ಬೀಳುತ್ತದೆ. ಹಾಗಾಗಿ ಇಲ್ಲಿ ಎಸೆಯುವುದು ಹುರಿಯನ್ನು. ಪ್ಲಾಸ್ಟಿಕ್ ಲೇಪದ, ಬೆಳ್ಳಗೆ ದಪ್ಪಗಿರುವ ಈ ಹುರಿಗೇ ತೂಕ ಕೊಟ್ಟಿದ್ದಾರೆ. ನೊಣವೇ ಅದರ ಬಾಲ. ನಿಮ್ಮ ಕೋಲಿನ ಮೇಲೆ 5 ಎಂದು ಬರೆದಿದೆಯಲ್ಲ, ಅದು ಹುರಿಯ ಅಂಕೆ: ಮೊದಲ ಮೂವತ್ತು ಅಡಿ 140 ಗ್ರೇನ್, ನಮ್ಮ ಲೆಕ್ಕದಲ್ಲಿ ಒಂಬತ್ತು ಗ್ರಾಂ ತೂಗಬೇಕು. ಈ ಅಂಕೆಗಳ ಪದ್ಧತಿ 1960ರ ದಶಕದ ಹೊಸ್ತಿಲಲ್ಲಿ ರೂಪುಗೊಂಡಿತು. ಅದಕ್ಕಾಗಿ ಹೆಚ್ಚು ಓಡಾಡಿದವರು ಕೊಲ್ಲಿಯಾಚೆಯ ಓಕ್‌ಲೆಂಡಿನ ಮೈರನ್ ಗ್ರೆಗರಿ. ಅವರೂ ಎಸೆತದ ಸ್ಪರ್ಧಿಯೇ.

ಒಂಬತ್ತು ಗ್ರಾಂ. ಎರಡು ಚಮಚ ಸಕ್ಕರೆಯಷ್ಟು. ಈಗ ಅದನ್ನು ಹಿಡಿದು ಒಂಬತ್ತು ಅಡಿ ಕೋಲನ್ನು ಬಾಗಿಸಬೇಕು.

ಹುರಿ ನಿಮ್ಮ ಮುಂದೆ ನೀರಿನ ಮೇಲೆ ಮಲಗಿದೆ. ಹಿರಿಯರು ನಿಮ್ಮ ಮುಂಗೈ ಹಿಡಿದು ಕೋಲನ್ನು ನಿಧಾನ ಮೇಲೆತ್ತಿಸುತ್ತಾರೆ. ನೀರಿನಿಂದ ಹುರಿ ಸುಲಿದು ಬರುತ್ತದೆ. ಕೊನೆಯ ಅಡಿ ನೀರು ಬಿಡುವ ಹೊತ್ತಿಗೆ ಕೈ ವೇಗ ಪಡೆದು, ಕಿವಿಯ ಪಕ್ಕಕ್ಕೆ ಬಂದು ಥಟ್ಟನೆ ನಿಲ್ಲುತ್ತದೆ. ಹುರಿ ತಲೆಯ ಮೇಲಿಂದ ಹಿಂದಕ್ಕೆ ಹಾರುತ್ತದೆ. "ಕಾಯಿರಿ." ಅವರ ಕೈ ನಿಮ್ಮದರ ಮೇಲೇ ಇದೆ. ಹಿಂದೆ ಹುರಿ ಬಿಚ್ಚಿಕೊಳ್ಳುತ್ತಿದೆ, ಬಿಚ್ಚಿಕೊಳ್ಳುತ್ತಿದೆ. ಕೈಗೆ ಮೆಲ್ಲನೆಯ ಒಂದು ಜಗ್ಗು ತಾಕುತ್ತದೆ. ಹುರಿ ಹಿಂದೆ ನೆಟ್ಟಗಾಯಿತು. ಈಗ.

ಈ 'ಈಗ' ಎಂಬುದರ ಆಯಸ್ಸು ಒಂದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅಳಿಯ ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರದಂತೆ ಸೆರೆಹಿಡಿಯುತ್ತಿದ್ದಾನೆ. ನಿಮ್ಮ ಕೈ ಮುಂದಕ್ಕೆ ಹೊರಟಲ್ಲಿಂದ ನಿಲ್ಲುವವರೆಗೆ ಅವನಿಗೆ ಸಿಗುವುದು ಸುಮಾರು ಎಪ್ಪತ್ತು ಚಿತ್ರ. ಕೈಗೆ ಸಿಗದೆ ಜಾರಿಹೋಗುವ ಆ ಚೂರು ಹೊತ್ತನ್ನು ಪರದೆಯ ಮೇಲೆ ಬೆರಳಿನಿಂದ ಒಂದೊಂದಾಗಿ ಎಳೆದು ನೋಡಬಹುದು. ಬನ್ನಿ, ಒಳಗೆ ಇಳಿಯೋಣ.

ಮೊದಲ ಕೆಲವು ಚಿತ್ರಗಳಲ್ಲಿ ನಿಮ್ಮ ಕೈ ಮುಂದಕ್ಕೆ ಹೊರಟಿದೆ. ಕೋಲಿನ ಬುಡವೂ ಹೊರಟಿದೆ. ತುದಿ ಮಾತ್ರ ಇದ್ದಲ್ಲೇ ಇದೆ. ಹಿಂದೆ ನೆಟ್ಟಗೆ ಚಾಚಿರುವ ಹುರಿ ತನ್ನ ಜಡತ್ವದಿಂದ ತುದಿಯನ್ನು ಹಿಡಿದುಕೊಂಡಿದೆ. ಕೋಲಿನ ತನ್ನದೇ ತೂಕಕ್ಕೂ ಜಡತ್ವವಿದೆ, ಅದೂ ಹಿಂದುಳಿಯುತ್ತದೆ. ಬುಡ ಹೊರಟು ತುದಿ ಒಪ್ಪದೆ ಹೋದಾಗ ನಡುವಿನದು ಬಾಗದೆ ಬೇರೆ ದಾರಿಯಿಲ್ಲ. ಹುರಿ ಹಿಂದೆ ಸಡಿಲವಾಗಿ ಬಿದ್ದಿದ್ದರೆ? ಕೈ ಅರ್ಧ ದಾರಿ ಬರೀ ಸಡಿಲು ಎಳೆಯುವುದರಲ್ಲೇ ಕಳೆದುಹೋಗುತ್ತಿತ್ತು. ಕಾಯಿರಿ ಎಂದದ್ದು ಅದಕ್ಕೇ.

ಇಪ್ಪತ್ತನೇ ಚಿತ್ರದ ಹೊತ್ತಿಗೆ ಮೇಲಿನ ಎರಡು ಅಡಿ ಹಿಂದಕ್ಕೆ ಬಾಗಿದೆ, ಕೆಳಗಿನ ಏಳು ಅಡಿ ಬಹುಮಟ್ಟಿಗೆ ನೆಟ್ಟಗಿದೆ. ನಲವತ್ತರ ಹೊತ್ತಿಗೆ ಬಾಗು ಮಧ್ಯಕ್ಕೆ ಇಳಿದಿದೆ. ಐವತ್ತರ ಹೊತ್ತಿಗೆ ನಿಮ್ಮ ಹಿಡಿಯಿಂದ ಒಂದೆರಡು ಅಡಿ ಮೇಲಿನವರೆಗೂ ಬಂದಿದೆ. ಬಾಗು ಹೀಗೆ ಮೇಲಿನಿಂದ ಕೆಳಕ್ಕೆ ಇಳಿದು ಬರುವುದೇಕೆ?

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದು ಅಂದುಕೊಂಡಷ್ಟು ಸರಳವಲ್ಲ. ಒಂದೇ ದಪ್ಪದ ಒಂದು ಕೋಲಿನ ಬುಡ ಹಿಡಿದು ತುದಿಗೆ ತೂಕ ಕಟ್ಟಿ. ಅತಿ ಹೆಚ್ಚು ಬಾಗುವುದು ತುದಿಯಲ್ಲ, ನಿಮ್ಮ ಕೈಯ ಹತ್ತಿರದ ಬುಡ. ತುದಿಯ ಬಳಿ ಎಳೆತ ಎಷ್ಟಿದ್ದರೂ ಅದಕ್ಕೆ ಸನ್ನೆಯ ದೂರವಿಲ್ಲ. ಬುಡಕ್ಕೆ ಬಂದಂತೆ ಆ ದೂರ ಬೆಳೆಯುತ್ತದೆ, ಬಾಗಿಸುವ ಬಲ ಬೆಳೆಯುತ್ತದೆ. ಪ್ರತಿ ಜಾಗದಲ್ಲೂ ಬಾಗಿನ ಬಿರುಸು ಎರಡರ ತಕ್ಕಡಿ: ಆ ಜಾಗಕ್ಕೆ ಬಂದ ಬಾಗಿಸುವ ಬಲ ಎಷ್ಟು, ಆ ಜಾಗದ ಬಿಗಿತ ಎಷ್ಟು. ಗಾಳದ ಕೋಲು ಮಾಡುವವನ ಕೈಚಳಕವೆಲ್ಲ ಎರಡನೆಯದರಲ್ಲಿದೆ. ನಿಮ್ಮ ಕೈಯಲ್ಲಿರುವುದು ಟೊಳ್ಳು ಕೊಳವೆ. ಹಿಡಿಯ ಹತ್ತಿರ ಒಂದು ಸೆಂಟಿಮೀಟರಿನಷ್ಟು ದಪ್ಪ, ತುದಿಯಲ್ಲಿ ಎರಡು ಮಿಲಿಮೀಟರಿನಷ್ಟು. ಗೋಡೆಯ ದಪ್ಪ ಒಂದೇ ಎಂದುಕೊಂಡರೆ ಕೊಳವೆಯ ಬಿಗಿತ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ವ್ಯಾಸ ಐದು ಪಟ್ಟಾದರೆ ಬಿಗಿತ ನೂರ ಇಪ್ಪತ್ತೈದು ಪಟ್ಟು. ಹಾಗಾಗಿ ತುದಿ ಸಣ್ಣ ಎಳೆತಕ್ಕೇ ಸೋಲುತ್ತದೆ. ಸೋತು ಬಾಗಿ ಹುರಿಯ ದಿಕ್ಕಿಗೇ ಮುಖಮಾಡಿದ ಮೇಲೆ ಎಳೆತ ಅದನ್ನು ಇನ್ನೂ ಬಾಗಿಸಲಾರದು, ಬರೀ ಹಿಗ್ಗಿಸಿ ಹಿಡಿಯಬಲ್ಲದು. ಕೆಲಸ ಮುಂದಿನ ದಪ್ಪ ತುಂಡಿಗೆ ಹೋಗುತ್ತದೆ. ತೆಳ್ಳನೆಯ ತುದಿ ತನ್ನ ಪಾಲು ಮುಗಿಸಿ, ಭಾರವನ್ನು ಕೆಳಗಿನವನಿಗೆ ದಾಟಿಸುತ್ತಿದೆ.

ಬಾಗಿದ ತೆಳು ಪಟ್ಟಿ ಎಂಥ ಗೆರೆ ಬರೆಯುತ್ತದೆಂಬ ಪ್ರಶ್ನೆ ಹಳೆಯದು. ಡೇನಿಯಲ್ ಬರ್ನೂಲಿ ಕೊಟ್ಟ ಸುಳಿವು ಹಿಡಿದು ಗಣಿತಜ್ಞ ಆಯ್ಲರ್ 1744ರಲ್ಲೇ ಆ ಗೆರೆಗಳ ಇಡೀ ಕುಟುಂಬವನ್ನು ಲೆಕ್ಕಹಾಕಿ ಚಿತ್ರ ಬರೆದಿಟ್ಟ. ಆತನ ಪಟ್ಟಿ ಒಂದೇ ದಪ್ಪದ್ದು, ನಿಂತಲ್ಲೇ ನಿಂತದ್ದು. ನಿಮ್ಮ ಕೈಯಲ್ಲಿರುವುದು ಮೊನಚಾಗುತ್ತಾ ಹೋಗುವ ಕೊಳವೆ, ಅದೂ ಧಾವಿಸುತ್ತಿರುವಾಗ. ಲೆಕ್ಕ ತೊಡಕಾಗುತ್ತದೆ, ತತ್ವ ಅದೇ. ಇನ್ನೊಂದು ಸಂಗತಿ ಕಣ್ಣಿಗೆ ಕಾಣದು: ಬಾಗುವ ಟೊಳ್ಳು ಕೊಳವೆ ಬಾಗಿದ ಕಡೆ ಚಪ್ಪಟೆಯಾಗಲು ನೋಡುತ್ತದೆ. ಬ್ರೇಜಿಯರ್ ಎಂಬಾತ 1927ರಲ್ಲಿ ಇದನ್ನು ವಿವರಿಸಿದ. ಅದಕ್ಕೇ ಕೋಲಿನ ಉದ್ದಕ್ಕೂ ಸಾಗುವ ಕಾರ್ಬನ್ ಎಳೆಗಳ ಜೊತೆಗೆ ಬಳೆಯಂತೆ ಸುತ್ತಿ ಬರುವ ಎಳೆಗಳನ್ನೂ ಸೇರಿಸುತ್ತಾರೆ. ಅವಿಲ್ಲದಿದ್ದರೆ ದೊಡ್ಡ ಮೀನೊಂದು ಜಗ್ಗಿದಾಗ ಕೊಳವೆ ಮೊದಲು ಚಪ್ಪಟೆಯಾಗಿ, ಆಮೇಲೆ ಪಟ್ಟೆಂದು ಮುರಿಯುತ್ತದೆ.

ಮತ್ತೆ ಪರದೆಗೆ. ಈ ಸಲ ಕೋಲನ್ನು ಬಿಟ್ಟು ತುದಿಯೊಂದನ್ನೇ ನೋಡಿ. ಅಳಿಯ ಪ್ರತಿ ಚಿತ್ರದಲ್ಲೂ ತುದಿ ಇರುವಲ್ಲಿ ಒಂದು ಚುಕ್ಕೆ ಇಡುತ್ತಾ ಹೋಗಿದ್ದಾನೆ. ಎಪ್ಪತ್ತು ಚುಕ್ಕೆ. ಮೊದಲಿನವು ಒಂದಕ್ಕೊಂದು ಅಂಟಿಕೊಂಡಿವೆ, ಕೊನೆಯವು ದೂರ ದೂರ. ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ನೇರ ಗೆರೆ.

ವಿಚಿತ್ರವಲ್ಲವೇ? ನಿಮ್ಮ ಮುಂಗೈ ತಿರುಗಿದೆ, ಮೊಣಕೈ ಮಡಚಿ ಬಿಚ್ಚಿದೆ, ಭುಜ ಇಳಿದಿದೆ. ಎಲ್ಲವೂ ಸುತ್ತುವ ಚಲನೆಗಳು. ಕೋಲು ಬಾಗದ ಕಬ್ಬಿಣದ ಸಲಾಕೆಯಾಗಿದ್ದರೆ ತುದಿ ಕಮಾನು ಬರೆಯುತ್ತಿತ್ತು. ಲೆಕ್ಕ ಬೇಕಾದರೆ ಇಗೋ: ಒಂಬತ್ತು ಅಡಿ ಎಂದರೆ 2.74 ಮೀಟರ್. ಅದು ಹಿಂದೆ ಮೂವತ್ತು ಡಿಗ್ರಿ ವಾಲಿದ್ದು ಮುಂದೆ ಮೂವತ್ತು ಡಿಗ್ರಿಗೆ ತಿರುಗಿದರೆ, ಕಮಾನಿನ ನಡುನೆತ್ತಿ ಎರಡು ಕೊನೆಗಳಿಗಿಂತ 37 ಸೆಂಟಿಮೀಟರ್ ಮೇಲಿರುತ್ತದೆ. ಹುರಿಗೆ ಸ್ವಂತ ಬುದ್ಧಿಯಿಲ್ಲ, ತುದಿ ನಡೆದ ದಾರಿಯಲ್ಲೇ ನಡೆಯುತ್ತದೆ. ತುದಿ ಕಮಾನಿನಲ್ಲಿ ಹೋದರೆ ಹುರಿಯೂ ಕಮಾನಿನಲ್ಲಿ ಹೋಗಿ, ಅಗಲವಾದ ದೊಡ್ಡ ಕುಣಿಕೆಯಾಗಿ ಗಾಳಿಗೆ ಎದೆಕೊಟ್ಟು, ಅರ್ಧ ದಾರಿಯಲ್ಲಿ ಸುಸ್ತಾಗಿ ಬೀಳುತ್ತದೆ.

ಬಾಗುವ ಕೋಲು ಈ 37 ಸೆಂಟಿಮೀಟರನ್ನು ನುಂಗುತ್ತದೆ. ಬಾಗಿದಾಗ ಹಿಡಿಗೂ ತುದಿಗೂ ನಡುವಿನ ನೇರ ದೂರ ಕಡಿಮೆಯಾಗುತ್ತದೆ. ಶುರುವಿನಲ್ಲಿ ಕೋಲು ನೆಟ್ಟಗಿದೆ, ಉದ್ದವಾಗಿದೆ. ನಡುದಾರಿಯಲ್ಲಿ ಅತಿ ಹೆಚ್ಚು ಬಾಗಿ ಅತಿ ಗಿಡ್ಡವಾಗಿದೆ. ಕೊನೆಯಲ್ಲಿ ಮತ್ತೆ ಉದ್ದ. ಕಮಾನು ಎಲ್ಲಿ ಮೇಲೇಳಬೇಕಿತ್ತೋ ಸರಿಯಾಗಿ ಅಲ್ಲೇ ಕೋಲು ಕುಗ್ಗುತ್ತದೆ. ನೂಲು ಹಿಡಿದು ಎಳೆದಷ್ಟು ನೇರವಲ್ಲ, ಕೊಂಚ ಉಬ್ಬು ಉಳಿಯುತ್ತದೆ, ಉಳಿಯಬೇಕು ಕೂಡ. ಆದರೂ ಸುತ್ತುವ ಕೈಯಿಂದ ನೇರ ಗೆರೆ ಬರೆಸುವ ಈ ಕೆಲಸವನ್ನು ನೋಡುತ್ತಿದ್ದರೆ ನನಗಂತೂ ಬಾಗು ಇರುವುದೇ ಇದಕ್ಕೆ ಎನ್ನಿಸುತ್ತದೆ. ಬಿಲ್ಲಿನ ಮಾತಿಗೆ ಆಮೇಲೆ ಬರೋಣ.

ಇದರಿಂದಲೇ ಹಿರಿಯರು ಈಗ ಹೇಳುತ್ತಿರುವ ಮಾತೂ ಅರ್ಥವಾಗುತ್ತದೆ. ಹುರಿ ಗಿಡ್ಡವಿದ್ದರೆ ಕೈಯ ಬೀಸೂ ಗಿಡ್ಡವಿರಲಿ, ಹುರಿ ಉದ್ದವಾದಂತೆ ಬೀಸನ್ನು ಅಗಲಿಸಿ ಎನ್ನುತ್ತಿದ್ದಾರೆ. ಗಿಡ್ಡ ಹುರಿಗೆ ತೂಕ ಕಡಿಮೆ, ಬಾಗು ಕಡಿಮೆ, ಹಾಗಾಗಿ ನುಂಗಬಲ್ಲ ಕಮಾನೂ ಸಣ್ಣದು. ಉದ್ದ ಹುರಿ ಹೆಚ್ಚು ಬಾಗಿಸುತ್ತದೆ. ಬೀಸು ಅಗಲವಾಗದಿದ್ದರೆ ತುದಿ ನೇರ ಗೆರೆಯಿಂದ ಕೆಳಕ್ಕೆ ಕುಸಿಯುತ್ತದೆ.

ಕುಸಿದರೆ ಏನಾಗುತ್ತದೆ ಎಂಬುದು ಪಕ್ಕದ ಕಟ್ಟೆಯ ಮೇಲೆ ಈಗಷ್ಟೇ ನಡೆಯಿತು. ಅಲ್ಲೊಬ್ಬ ಹುಡುಗ ದೂರದ ರಿಂಗಿಗೆ ಆಸೆಪಟ್ಟು ಶುರುವಿನಲ್ಲೇ ಪೂರ್ತಿ ಬಲ ಸುರಿದ. ಕೋಲು ಹೊತ್ತಿಗೆ ಮುಂಚೆಯೇ ಪೂರಾ ಬಾಗಿತು. ತುದಿ ತಗ್ಗಿತು, ಮುಂದೆ ಬಲ ಸಾಲದೆ ಮತ್ತೆ ಎದ್ದಿತು. ಚುಕ್ಕೆಗಳ ಗೆರೆಯಲ್ಲಿ ನಡುವೆ ಒಂದು ಹಳ್ಳ. ಹುರಿಯೂ ಆ ಹಳ್ಳವನ್ನು ನಂಬಿಗಸ್ತನಂತೆ ನಕಲು ಮಾಡಿತು. ಕುಣಿಕೆಯ ಮೇಲಿನ ಎಳೆ ಕೆಳಗಿನ ಎಳೆಯನ್ನು ದಾಟಿ ಇಳಿಯಿತು, ನೊಣ ತನ್ನದೇ ಹುರಿಗೆ ಸಿಕ್ಕಿಬಿತ್ತು. ಈಗವನು ಹುರಿಗೂ ನೊಣಕ್ಕೂ ನಡುವಿನ ನೈಲಾನ್ ಎಳೆಯಲ್ಲಿ ಬಿದ್ದ ಗಂಟು ಬಿಡಿಸುತ್ತಾ ಗಾಳಿಯನ್ನು ಬೈಯುತ್ತಿದ್ದಾನೆ. ಇಂಥ ಗಂಟಿಗೆ ಇಂಗ್ಲಿಷಿನವರು ಗಾಳಿಯ ಹೆಸರನ್ನೇ ಇಟ್ಟಿದ್ದಾರೆ. ಪಾಪ, ಗಾಳಿಯ ತಪ್ಪೇನೂ ಇರಲಿಲ್ಲ. ಎಲೆಯೊಂದೂ ಅಲುಗಿರಲಿಲ್ಲ.

ಅರವತ್ತನೇ ಚಿತ್ರದ ಆಸುಪಾಸಿನಲ್ಲಿ ನಿಮ್ಮ ಕೈ ನಿಲ್ಲತೊಡಗಿದೆ. ಎಸೆತದ ಅತ್ಯಂತ ಕಷ್ಟದ ಕೆಲಸ ಇದೇ: ವೇಗದ ತುತ್ತತುದಿಯಲ್ಲಿ ನಿಲ್ಲುವುದು. ಜೋನ್ ವುಲ್ಫ್ ಎಂಬ ಹೆಣ್ಣುಮಗಳು 1960ರಲ್ಲಿ ಸ್ಪರ್ಧೆಯೊಂದರಲ್ಲಿ 161 ಅಡಿ ಎಸೆದು ಗಂಡಸರ ಹುಬ್ಬೇರಿಸಿದ್ದರು. ಆಮೇಲೆ ಕಲಿಸುವ ಕೆಲಸಕ್ಕೆ ಇಳಿದು, ಎಸೆತದ ಒಂದೊಂದು ಹಂತಕ್ಕೂ ಹೆಸರಿಟ್ಟು ಪುಸ್ತಕ ಬರೆದರು. ಹಿಂದಿನ ತಲೆಮಾರಿನವರು ಗಡಿಯಾರದ ಮುಳ್ಳು ತೋರಿಸಿ ಹತ್ತು ಗಂಟೆ, ಒಂದು ಗಂಟೆ ಎಂದು ಕಲಿಸುತ್ತಿದ್ದರು. ಯಾವಾಗ ಮೆಲ್ಲಗೆ, ಯಾವಾಗ ಬಿರುಸು, ಯಾವಾಗ ನಿಲುಗಡೆ ಎಂಬುದನ್ನು ಮೈಯ ಭಾಷೆಯಲ್ಲಿ ಬಿಡಿಸಿಟ್ಟವರು ಈಕೆ. ನಿಮ್ಮ ಮುಂಗೈ ಮೇಲಿರುವ ಕೈ ಕಲಿಸುತ್ತಿರುವುದೂ ಅದನ್ನೇ: ಮೆಲ್ಲಗೆ ಶುರು, ಏರುತ್ತಾ ಹೋಗು, ಕೊನೆಯಲ್ಲಿ ಬಿರುಸು, ನಿಲ್ಲು.

ನಿಂತಿರಿ. ಕೋಲು ನಿಲ್ಲುವುದಿಲ್ಲ. ಬುಡ ನಿಂತರೂ ಬಾಗಿದ್ದು ನೆಟ್ಟಗಾಗುತ್ತಾ ತುದಿಯನ್ನು ಇನ್ನೂ ಮುಂದಕ್ಕೆ ಒಯ್ಯುತ್ತಿದೆ. ಕೈಯ ವೇಗ ಇಳಿಯುತ್ತಿರುವಾಗಲೂ ಚುಕ್ಕೆಗಳ ನಡುವಿನ ದೂರ ಬೆಳೆಯುತ್ತಲೇ ಇದೆ. ಕೋಲು ಪೂರ್ತಿ ನೆಟ್ಟಗಾಗುವ ಹೊತ್ತಿಗೆ ತುದಿಯ ವೇಗ ಪರಮಾವಧಿ. ಚುರುಕಾದ ಎಸೆತವೆಂದರೆ ಸೆಕೆಂಡಿಗೆ 20 ಮೀಟರ್ ಎಂದಿಟ್ಟುಕೊಳ್ಳಿ, ಗಂಟೆಗೆ 72 ಕಿಲೋಮೀಟರ್. ಮರುಚಿತ್ರದಲ್ಲಿ ತುದಿ ನಿಧಾನಿಸಿದೆ, ಹುರಿ ನಿಧಾನಿಸಿಲ್ಲ. ಹಿಂದಿನಿಂದ ಬರುತ್ತಿರುವ ಹುರಿ ತುದಿಯ ಮೇಲಿಂದ ಹಾದು ಅದನ್ನು ಹಿಂದೆ ಹಾಕುತ್ತದೆ. ಕುಣಿಕೆ ಹುಟ್ಟುವುದು ಆ ಕ್ಷಣದಲ್ಲಿ. ನೆಟ್ಟಗಾದ ಕೋಲು ಅಷ್ಟಕ್ಕೇ ಸುಮ್ಮನಾಗದೆ ಓಟದ ಭರದಲ್ಲಿ ಮುಂದಕ್ಕೆ, ತಿರುವುಮುರುವಾಗಿ ಬಾಗಿ ತುದಿಯನ್ನು ಕೆಳಗೆ ಅದ್ದುತ್ತದೆ. ಎಷ್ಟು ಅದ್ದಿತೋ ಕುಣಿಕೆ ಅಷ್ಟು ಅಗಲ. ಹಗುರ ತುದಿಯ ಕೋಲು ಕಡಿಮೆ ಅದ್ದುತ್ತದೆ, ಬೇಗ ತಣ್ಣಗಾಗುತ್ತದೆ. ಕಡಲೆಗಾತ್ರದ ಹೆಚ್ಚುವರಿ ತೂಕವೊಂದು ತುದಿಯಲ್ಲಿದ್ದರೂ ಕೋಲು ತೂಗುತ್ತಲೇ ಇರುತ್ತದೆ, ಆ ತೂಗಾಟ ಅಲೆಗಳಾಗಿ ಹುರಿಯೊಳಗೆ ಹರಿದುಹೋಗುತ್ತದೆ.

ತಲೆಯೆತ್ತಿ, ಈಗ ಪರದೆ ಬೇಡ. ಕುಣಿಕೆ ಕೊಳದ ಮೇಲೆ ಉರುಳುತ್ತಾ ಹೋಗುತ್ತಿದೆ. ಅದರ ಕೆಳಗಿನ ಎಳೆ ಕೋಲಿಗೆ ಕಟ್ಟುಬಿದ್ದು ಬಹುಮಟ್ಟಿಗೆ ನಿಂತಿದೆ. ಓಡುತ್ತಿರುವುದು ಮೇಲಿನ ಎಳೆ. ಉರುಳಿದಷ್ಟೂ ಓಡುವ ಭಾಗ ಗಿಡ್ಡವಾಗುತ್ತದೆ, ಇದ್ದ ಚಲನಶಕ್ತಿ ಸಣ್ಣ ಸಣ್ಣ ತೂಕಕ್ಕೆ ಹಂಚಿಕೆಯಾಗುತ್ತದೆ. ಎತ್ತಿನ ಗಾಡಿಯವನ ಚಾವಟಿ ಛಟೀರೆನ್ನುವುದೂ ಇದೇ ಕಾರಣಕ್ಕೆ. ಗಾಳಿಯೇ ಇಲ್ಲದಿದ್ದರೆ ಹುರಿಯ ಕೊನೆಯೂ ಕೊನೆಕೊನೆಗೆ ಹುಚ್ಚುವೇಗ ಪಡೆಯಬೇಕು. ಗಾಳಿಯ ತಡೆ ಆ ಲಾಭವನ್ನೆಲ್ಲ ಕಿತ್ತುಕೊಂಡು ನೊಣವನ್ನು ಮೆತ್ತಗೆ ನೀರಿಗಿಳಿಸುತ್ತದೆ. 1986ರಲ್ಲಿ ಸ್ಪೋಲೆಕ್, 1990ರಲ್ಲಿ ರಾಬ್ಸನ್ ಎಂಬ ಇಬ್ಬರು ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಇದರ ಸಮೀಕರಣ ಬರೆದರು. ಮಿಷಿಗನ್ ವಿಶ್ವವಿದ್ಯಾಲಯದ ನೋಯೆಲ್ ಪರ್ಕಿನ್ಸ್ ಕೋಲಿಗೇ ಪುಟ್ಟ ಗೈರೋ ಕಟ್ಟಿ, ಕೈ ತಿರುಗುವ ವೇಗವನ್ನು ಅಳೆದು ಗೀಟು ಹಾಕಿದರು. ಮೀನುಗಾರರ ಹರಟೆಯ ವಿಷಯ ಹೀಗೆ ಪ್ರಯೋಗಶಾಲೆ ಹೊಕ್ಕಿತು.

ಮಂಜು ಹರಿದು ಬಿಸಿಲು ಬಿದ್ದಿದೆ. ಕ್ಲಬ್ಬಿನ ಮನೆಯ ಮುಂದಿನ ಬೆಂಚಿನ ಮೇಲೆ ಹಿರಿಯರು ಇನ್ನೊಂದು ಕೋಲು ಜೋಡಿಸುತ್ತಿದ್ದಾರೆ. ಬಣ್ಣ ಜೇನಿನದು. ಬಿದಿರು! ಇಡೀ ಬಿದಿರಲ್ಲ, ಹೊರತೊಗಟೆಯ ಗಟ್ಟಿ ನಾರನ್ನಷ್ಟೇ ಆರು ತ್ರಿಕೋನದ ಸೀಳುಗಳಾಗಿ ಸೀಳಿ, ಅಂಟಿಸಿ, ಷಟ್ಕೋನ ಮಾಡಿದ್ದು. ಅಮೆರಿಕದ ಮೇಯ್ನ್ ರಾಜ್ಯದ ಹೈರಮ್ ಲೆನರ್ಡ್ 1870ರ ದಶಕದಲ್ಲಿ ಈ ಕಸುಬನ್ನು ನೆಲೆಗೊಳಿಸಿದ. ಆ ಕಾಲದವರು ನೆಚ್ಚಿಕೊಂಡ ಬಿದಿರಿಗೆ ಕಲ್ಕತ್ತಾ ಬಿದಿರು ಎಂದು ಹೆಸರು, ಆ ಬಂದರಿನಿಂದ ಹಡಗು ಹತ್ತುತ್ತಿತ್ತು ಎಂದು. ಜಾತಿ ನಮಗೆ ಹೊಸದಲ್ಲ. ಬಂಡೀಪುರದಂಥ ಒಣಕಾಡುಗಳಲ್ಲಿ ಬೆಳೆಯುವ, ಒಳಗೂ ಹೆಚ್ಚುಕಡಿಮೆ ಗಟ್ಟಿಯಿರುವ, ಪೊಲೀಸರ ಲಾಠಿಗೆ ಒದಗುವ ಕಿರುಬಿದಿರೇ ಅದು. ಆಮೇಲೆ ಚೀನಾದ ಗ್ವಾಂಗ್‌ಡಾಂಗ್ ಕಡೆಯ ಬಿದಿರು ಬಂದು ಅದರ ಜಾಗ ಹಿಡಿಯಿತು.

ಬಿದಿರಿನ ಕೋಲನ್ನು ಬೀಸಿ ನೋಡಿ. ಇದು ಅವಸರ ಮಾಡುವುದಿಲ್ಲ. ತನ್ನದೇ ತೂಕ ಹೆಚ್ಚು, ಹಾಗಾಗಿ ಹುರಿ ಇಲ್ಲದೆಯೂ ಬಾಗುತ್ತದೆ, ನೆಟ್ಟಗಾಗಲೂ ಹೊತ್ತು ತೆಗೆದುಕೊಳ್ಳುತ್ತದೆ. ಇದೇ ಊರಿನಲ್ಲಿ 1929ರಲ್ಲಿ ಶುರುವಾದ ವಿನ್‌ಸ್ಟನ್ ಕಂಪನಿಯ ಲ್ಯೂ ಸ್ಟೋನರ್ ಸೀಳುಗಳ ಒಳಭಾಗವನ್ನು ಕೊರೆದು ಟೊಳ್ಳು ಮಾಡಿದ್ದು ಈ ಜಡತನ ಕಳೆಯಲೆಂದೇ. ಬಿಗಿತಕ್ಕೆ ಬೇಕಿರುವುದು ಹೊರಗಿನ ನಾರು, ಒಳಗಿನದು ಬರೀ ಹೊರೆ. ಆಮೇಲೆ ಗಾಜಿನ ನಾರು ಬಂತು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧಕರು ಗಟ್ಟಿ ಕಾರ್ಬನ್ ಎಳೆ ತೆಗೆದರು. ವಿಮಾನಕ್ಕೆಂದು ಬೇಯಿಸಿದ ಆ ಎಳೆಯನ್ನು ಫೆನ್ವಿಕ್ ಕಂಪನಿ 1970ರ ದಶಕದಲ್ಲಿ ಗಾಳದ ಕೋಲಿಗೆ ತಂದಿತು. ಅಲ್ಲಿ ಕೋಲಿನ ವಿನ್ಯಾಸಗಾರನಾಗಿದ್ದ ಜಿಮ್ಮಿ ಗ್ರೀನ್ ಈ ಊರಿನ ಎಸೆತಗಾರನೇ. ಹುಡುಗನಾಗಿ ಇಲ್ಲೇ ಎಸೆದು ಕಲಿತ ಸ್ಟೀವ್ ರಾಜೆಫ್ ಮುಂದೆ ಎಷ್ಟೋ ಸಲ ವಿಶ್ವ ಚಾಂಪಿಯನ್ ಆದರು, ಕೋಲಿನ ವಿನ್ಯಾಸವನ್ನೇ ಕಸುಬು ಮಾಡಿಕೊಂಡರು. ಮೀನಿಲ್ಲದ ಕೊಳದಿಂದ ಹಿಡಿದದ್ದು ಕಡಿಮೆಯೇನಲ್ಲ.

"ಬಿಲ್ಲಿನ ಲೆಕ್ಕ ಮಾಡೋಣವಾ?" ಹಿರಿಯರು ಅಳಿಯನನ್ನು ಕೇಳುತ್ತಾರೆ. ಮರೆತಿಲ್ಲ.

ಚೀಲದಿಂದ ಒಂದು ಪ್ಲಾಸ್ಟಿಕ್ ಕೊಟ್ಟೆ ತೆಗೆದು, ಅದಕ್ಕೊಂದು ಕೊಕ್ಕೆ ಸಿಕ್ಕಿಸುತ್ತಾರೆ. ಜೊತೆಗೊಂದು ಡಬ್ಬಿ ತುಂಬ ಒಂದು ಸೆಂಟಿನ ನಾಣ್ಯ. 1983ರಿಂದ ಈಚಿನವು ಮಾತ್ರ. ಹಳೆಯ ತಾಮ್ರದವು ಭಾರ, ಇವು ಒಂದೊಂದೂ ಎರಡೂವರೆ ಗ್ರಾಂ. ವಿಲಿಯಂ ಹ್ಯಾನೆಮನ್ ಎಂಬ ಹವ್ಯಾಸಿ ಹುಟ್ಟುಹಾಕಿದ ಅಳತೆ ಇದು. ಕಂಪನಿಗಳು ಕೋಲಿನ ಮೇಲೆ ಬರೆಯುವ ಅಂಕೆಯನ್ನು ನಂಬದವರಿಗೆ. ನಿಮ್ಮ 5ನೇ ಅಂಕೆಯ ಕಾರ್ಬನ್ ಕೋಲಿನ ಬುಡವನ್ನು ಬೆಂಚಿಗೆ ಕಟ್ಟಿ ಮಟ್ಟಸವಾಗಿ ಚಾಚುತ್ತಾರೆ. ತುದಿಗೆ ಕೊಟ್ಟೆ. ತುದಿ ಕೋಲಿನ ಮೂರನೇ ಒಂದರಷ್ಟು, ಅಂದರೆ 90 ಸೆಂಟಿಮೀಟರ್ ಕೆಳಗಿಳಿಯುವವರೆಗೆ ನಾಣ್ಯ ಹಾಕುತ್ತಾ ಹೋಗಬೇಕು. ಹಾಕುವ ಕೆಲಸ ನಿಮ್ಮದು.

ಹತ್ತು. ತುದಿಯ ತೆಳು ಭಾಗ ಮಾತ್ರ ತಲೆ ತಗ್ಗಿಸಿದೆ. ಇಪ್ಪತ್ತು. ಬಾಗು ಹಿಂದಕ್ಕೆ ತೆವಳಿದೆ, ಪರದೆಯಲ್ಲಿ ಕಂಡದ್ದೇ ಈಗ ನಿಧಾನವಾಗಿ ಕಣ್ಣೆದುರು. ಮೂವತ್ತು. ಮೂವತ್ತೈದು. ತುದಿ ಕೆಳಗಿಳಿಯುವುದಷ್ಟೇ ಅಲ್ಲ, ಹಿಡಿಯ ಕಡೆಗೂ ಸರಿದು ಬಂದಿದೆ. ಕಮಾನನ್ನು ನುಂಗಿದ್ದು ಈ ಸರಿದಾಟ. ನಲವತ್ತು. ಇನ್ನೂ ನಾಲ್ಕಾರು. ನಲವತ್ತೈದಕ್ಕೆ ತುದಿ ಗುರುತಿಗೆ ಮುಟ್ಟುತ್ತದೆ.

ನಲವತ್ತೈದು ನಾಣ್ಯವೆಂದರೆ 112 ಗ್ರಾಂ ಚಿಲ್ಲರೆ, ಬಲದಲ್ಲಿ 1.1 ನ್ಯೂಟನ್. ಅಳಿಯ ಬಿಲ್ಲಿನ ಪರವಾಗಿ ತಾನೇ ಲೆಕ್ಕಕ್ಕಿಳಿಯುತ್ತಾನೆ. ಹುರಿ ಸುಮಾರು 3 ಮೀಟರ್ ದಾರಿಯಲ್ಲಿ ಸೊನ್ನೆಯಿಂದ 20 ಮೀಟರ್ ವೇಗಕ್ಕೆ ಏರಬೇಕು. ಅದಕ್ಕೆ ಬೇಕಾದ ವೇಗೋತ್ಕರ್ಷ ಗುರುತ್ವದ ಹೆಚ್ಚುಕಡಿಮೆ ಏಳು ಪಟ್ಟು. ಒಂಬತ್ತು ಗ್ರಾಂ ಹುರಿ ಆ ಹೊತ್ತಿಗೆ ಅರವತ್ತು ಗ್ರಾಮಿನಂತೆ ಜಗ್ಗುತ್ತದೆ. ಇದು ಸರಾಸರಿ. ಕೊನೆಯ ಬಿರುಸಿನಲ್ಲಿ ಹತ್ತಿರ ಹತ್ತಿರ ಇಮ್ಮಡಿ. ಎರಡು ಚಮಚ ಸಕ್ಕರೆ ಕೋಲನ್ನು ಈ ನಾಣ್ಯದ ಚೀಲದಷ್ಟೇ ಬಾಗಿಸಬಲ್ಲದು ಎಂದಾಯಿತು. ಅಳಿಯನ ಮುಖ ಅರಳುತ್ತದೆ.

ಇನ್ನು ಶಕ್ತಿ. ಸ್ಪ್ರಿಂಗಿನಲ್ಲಿ ಕೂಡಿಟ್ಟದ್ದು ಬಲ ಮತ್ತು ಬಾಗುಗಳ ಗುಣಲಬ್ಧದ ಅರ್ಧ: 1.1 ನ್ಯೂಟನ್, 0.9 ಮೀಟರ್, ಅರ್ಧ ಮಾಡಿದರೆ ಅರ್ಧ ಜೌಲ್. ಹುರಿ ಹೊತ್ತೊಯ್ದ ಚಲನಶಕ್ತಿ, 9 ಗ್ರಾಂ ಮತ್ತು 20 ಮೀಟರ್ ವೇಗಕ್ಕೆ, 1.8 ಜೌಲ್. ಅವನು ಫೋನಿನಲ್ಲಿ ಇನ್ನೊಮ್ಮೆ ಒತ್ತುತ್ತಾನೆ. ಬದಲಾಗುವುದಿಲ್ಲ. ಬಿಲ್ಲು ಕೊಟ್ಟದ್ದು ಮೂರನೇ ಒಂದಕ್ಕಿಂತ ಕಡಿಮೆ. ಅದರಲ್ಲೂ ಒಂದು ಪಾಲು ಕೋಲು ತನ್ನನ್ನೇ ನೆಟ್ಟಗೆ ಮಾಡಿಕೊಳ್ಳಲು ಖರ್ಚು. ಉಳಿದದ್ದೆಲ್ಲ ನಿಮ್ಮ ಕೈಯದು, ಒಂಬತ್ತು ಅಡಿಯ ಸನ್ನೆಕೋಲಿನ ಮೂಲಕ ನೇರವಾಗಿ ಹುರಿಗೆ ಹೋದದ್ದು. ಜೋನ್ ಅವರ ಗಂಡ ಲೀ ವುಲ್ಫ್ ಒಮ್ಮೆ ಕೋಲೇ ಇಲ್ಲದೆ, ಹುರಿಯನ್ನು ಬರಿಗೈಯಲ್ಲಿ ಬೀಸಿ ಎಸೆದು ಸಾಲ್ಮನ್ ಹಿಡಿದಿದ್ದರು ಎಂದು ಹಿರಿಯರು ನೆನಪಿಸುತ್ತಾರೆ. ಸ್ಪ್ರಿಂಗ್ ಇಲ್ಲದೆಯೂ ಎಸೆಯಬಹುದು, ಸುಖವಿಲ್ಲ ಅಷ್ಟೇ.

"ಆದರೂ ಮಾವ," ಅಳಿಯ ಬಿಡುವವನಲ್ಲ, "ಆ ಅರ್ಧ ಜೌಲ್ ಬರೋದು ಯಾವಾಗ ನೋಡಿ. ಕೈ ನಿಂತ ಮೇಲೆ."

ಅದು ನಿಜ. ಕೊನೆಯ ಹತ್ತು ಚಿತ್ರಗಳಲ್ಲಿ ಕೈ ಸೋತಿದೆ. ಅಷ್ಟು ವೇಗದಲ್ಲಿ ಇನ್ನೂ ತಳ್ಳಲು ಯಾವ ಮುಂಗೈಗೂ ಆಗದು. ತುದಿಯನ್ನು ಕೊನೆಯ ಮೆಟ್ಟಿಲು ಹತ್ತಿಸಿದ್ದು ಕೂಡಿಟ್ಟ ಬಾಗು. ಕಡಿಮೆ ಕೊಡುತ್ತದೆ, ತಡವಾಗಿ ಕೊಡುತ್ತದೆ, ಬೇರಾರೂ ಕೊಡಲಾಗದ ಹೊತ್ತಿನಲ್ಲಿ ಕೊಡುತ್ತದೆ. ಹಿರಿಯರೂ ಇದನ್ನು ಅಲ್ಲಗಳೆಯುವುದಿಲ್ಲ. ಬಿಲ್ಲೆಂದು ನಂಬಿದವರು ಬಾಗಿಸುವುದಕ್ಕೇ ಬಲ ಹಾಕಿ ಪಕ್ಕದ ಹುಡುಗನಂತೆ ಗಂಟು ಬೀಳಿಸಿಕೊಳ್ಳುತ್ತಾರೆ, ಅಷ್ಟೇ ನನ್ನ ತಕರಾರು ಎನ್ನುತ್ತಾರೆ. ಬಾಗು ಬೇಕೆಂದು ಬಾಗಿಸಬೇಡಿ. ತುದಿಯನ್ನು ನೇರ ಒಯ್ಯಿರಿ, ಎಷ್ಟು ಬಾಗಬೇಕೋ ಅಷ್ಟು ಬಾಗುತ್ತದೆ.

ಕೊಟ್ಟೆ ಬಿಚ್ಚಿ ನಾಣ್ಯಗಳನ್ನು ಡಬ್ಬಿಗೆ ಸುರಿಯುತ್ತಾರೆ. ಒಂದು ಉರುಳಿ ಬೆಂಚಿನ ಕೆಳಗೆ ಹೋಗುತ್ತದೆ. ಹೋಗಲಿ ಬಿಡಿ ಎನ್ನುತ್ತಾನೆ ಅಳಿಯ, ಒಂದು ಸೆಂಟು ತಾನೇ. ಅವರು ಬಗ್ಗಿ ಹುಡುಕಿ ತೆಗೆದೇ ತೆಗೆಯುತ್ತಾರೆ. 2025ರ ನವೆಂಬರಿನಲ್ಲಿ ಚಲಾವಣೆಗೆ ಸೆಂಟ್ ಟಂಕಿಸುವುದನ್ನೇ ಸರ್ಕಾರ ನಿಲ್ಲಿಸಿತು, ಎರಡೂವರೆ ಗ್ರಾಮಿನ ಬಟ್ಟು ಇನ್ನು ಹೊಸದಾಗಿ ಬರುವುದಿಲ್ಲ ಎನ್ನುತ್ತಾ ಡಬ್ಬಿಯ ಮುಚ್ಚಳ ಬಿಗಿದು, ನಿಮ್ಮ ಕೈಗೆ ಕೋಲು ಕೊಟ್ಟು, ದೂರದ ಕೆಂಪು ರಿಂಗು ತೋರಿಸುತ್ತಾರೆ.